ಕಬ್ಬನ್ ಪಾರ್ಕಿನಲ್ಲಿ ಸಿಕ್ಕ ಅಮ್ಮನಿಗೆ

ಅಮ್ಮಾ, ನಿಮ್ಮ ಹೆಸರು ಕೇಳೋದನ್ನೇ ಮರೆತೆ. ಆ ಭಾನುವಾರ ನನ್ನ ಬಿಳಿ ಬುಲ್ ಟೆರಿಯರ್ ನಾಯಿ ಗುಂಡನನ್ನು ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಈ ಜಾತಿಯೇ ಹಟಮಾರಿ ಅಲ್ವಾ, ಬೇಕಂತಲೇ ಬರುತ್ತಿಲ್ಲ ಅಂದುಕೊಂಡಿದ್ದೆ. ನೀವು ಸುಮ್ನೆ ಅವನ ಹಿಂದೆ ನಿಂತು ಸ್ಟೀಲ್ ಡಬ್ಬಿಯ ಮುಚ್ಚಳ ಬಡಿದಿರಿ. ಅವನು ಹುಲ್ಲು ಮೂಸುತ್ತಲೇ ಇದ್ದ. "ಹಟ ಅಲ್ಲಪ್ಪಾ, ಇವನಿಗೆ ಕಿವಿ ಕೇಳಿಸ್ತಿಲ್ಲ. ಬಿಳಿ ಬುಲ್ ಟೆರಿಯರ್‌ಗಳಲ್ಲಿ ಇದು ಜಾಸ್ತಿ" ಅಂದಿರಿ. ಆಮೇಲೆ ಡಾಕ್ಟರೂ ಅದನ್ನೇ ಹೇಳಿದರು.

ನೀವು ಹೇಳಿದಂತೆ ಕ್ಲಿಕ್ಕರ್ ಬಿಟ್ಟೆ, ಅದೇ, ನಾಯಿ ಸರಿಯಾಗಿ ಮಾಡಿದಾಗ ಟಕ್ ಅನ್ನಿಸುವ ಆ ಪುಟ್ಟ ಡಬ್ಬಿ. ಸರಿಯಾಗಿ ಮಾಡಿದ ಕ್ಷಣವೇ ಹೆಬ್ಬೆರಳು ಎತ್ತುತ್ತೇನೆ, ಹಿಂದೆಯೇ ಬೇಯಿಸಿದ ಕೋಳಿಯ ಚೂರು. ಈಗ ಕೈ ತಿರುಗಿಸಿದರೆ ಗಿರ್ರನೆ ಸುತ್ತುತ್ತಾನೆ. ನಾಯಿಗಳ ಅಡೆತಡೆ ಓಟದ ಅಭ್ಯಾಸಕ್ಕೆ ತಂದ ಬಟ್ಟೆಯ ಸುರಂಗವನ್ನು ಮೊದಲು ಎರಡು ಮೊಳಕ್ಕೆ ಮಡಚಿ, ಆ ತುದಿಯಲ್ಲಿ ನಾನೇ ಮಂಡಿಯೂರಿ ಕೂತೆ. ನನ್ನ ಮುಖ ಕಂಡದ್ದೇ ತಡ, ಆ ಮೊಟ್ಟೆ ತಲೆ ನುಗ್ಗಿಸಿಕೊಂಡು ಬಂದೇಬಿಟ್ಟ. ಎಳೆ ಮೂಳೆ, ಭಾರದ ಮೈ, ಒಂದೂವರೆ ವರ್ಷ ತುಂಬುವವರೆಗೆ ಎತ್ತರದ ಜಿಗಿತ ಬೇಡ ಅಂದಿದ್ದಿರಿ. ಜಿಗಿಯುವ ಅಡ್ಡಕೋಲು ಇನ್ನೂ ನೆಲದ ಮೇಲೇ ಇದೆ.

ತುಂಬಾ ಥ್ಯಾಂಕ್ಸ್ ಅಮ್ಮಾ. ನಿಮ್ಮ ಡಬ್ಬಿಯ ಮುಚ್ಚಳ ನನ್ನ ಚೀಲದಲ್ಲೇ ಉಳಿದಿದೆ. ಭಾನುವಾರ ಬೆಳಿಗ್ಗೆ ನಾವು ಅಲ್ಲೇ ಇರುತ್ತೇವೆ.