ಗಾಲ್ಫ್ ಟೂರ್ನಿಗೂ ಒಬ್ಬ ವರದಿಗಾರರನ್ನು ಕಳುಹಿಸಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ನಡೆದ ವೃತ್ತಿಪರ ಗಾಲ್ಫ್ ಟೂರ್ನಿಯ ಫಲಿತಾಂಶ ಕಳೆದ ಸೋಮವಾರದ ನಿಮ್ಮ ಕ್ರೀಡಾಪುಟದ ಕೆಳಮೂಲೆಯಲ್ಲಿ ನಾಲ್ಕೇ ಸಾಲಿನಲ್ಲಿ ಬಂದಿದೆ. ಗೆದ್ದವರ ಹೆಸರು, ಸ್ಕೋರು, ಬಹುಮಾನದ ಮೊತ್ತ, ಅಷ್ಟೇ. ಸುದ್ದಿಸಂಸ್ಥೆ ಕಳುಹಿಸಿದ್ದನ್ನು ಕತ್ತರಿಸಿ ಜಾಗ ತುಂಬಿರುವುದು ಓದಿದ ಕೂಡಲೇ ತಿಳಿಯುತ್ತದೆ. ರಾಜಧಾನಿಯಲ್ಲೇ ನಾಲ್ಕು ದಿನ ನಡೆದ ಟೂರ್ನಿಗೆ ಕನ್ನಡ ಪತ್ರಿಕೆಯ ಒಬ್ಬ ವರದಿಗಾರರೂ ಹೋಗಲಿಲ್ಲ ಎಂಬುದು ನನಗೆ ನಿಜಕ್ಕೂ ನೋವು ತಂದಿದೆ.

ನಾನು ಬದಿಯಡ್ಕದವನು. ಕಾಸರಗೋಡಿನ ಸಣ್ಣ ಪತ್ರಿಕೆಗಳಿಗೆ ಬಹುಕಾಲ ಕ್ರೀಡಾ ವರದಿ ಬರೆದಿದ್ದೇನೆ. ಕಬಡ್ಡಿ, ವಾಲಿಬಾಲ್, ಕೊಯ್ಲಾದ ಗದ್ದೆಯಲ್ಲಿ ನಡೆಯುವ ಸೆವೆನ್ಸ್ ಫುಟ್‌ಬಾಲ್ ನನ್ನ ಪಾಲಿಗೆ ಬಂದ ಆಟಗಳು. ಒಮ್ಮೆ ನಮ್ಮ ಸಂಪಾದಕರು, ಬೇರೆ ಯಾರೂ ಸಿಗದ ಕಾರಣಕ್ಕೆ, ಬೆಂಗಳೂರಿನ ಗಾಲ್ಫ್ ಟೂರ್ನಿಯೊಂದಕ್ಕೆ ನನ್ನನ್ನು ಕಳುಹಿಸಿದರು. ಕಣ್ಣೂರಿನಿಂದ ಬರುವ ರಾತ್ರಿ ರೈಲನ್ನು ಕಾಸರಗೋಡಿನಲ್ಲಿ ಹತ್ತಿ ಹೋದೆ. ಅಲ್ಲಿ ಕಂಡದ್ದರ ಬಲದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ಕಬಡ್ಡಿಯಲ್ಲಿ ಅಂಕಣದ ಪಕ್ಕ ಮೇಜು ಹಾಕಿಕೊಂಡು ಕುಳಿತರೆ ಇಡೀ ಪಂದ್ಯ ಕಣ್ಣೆದುರು ಇರುತ್ತದೆ. ಗಾಲ್ಫ್‌ನಲ್ಲಿ ಹಾಗಿಲ್ಲ. ಚೆಂಡನ್ನು ಹೊಡೆದು ಕುಳಿಗೆ ಸೇರಿಸಬೇಕಾದ ಹದಿನೆಂಟು ಹೋಲ್‌ಗಳು ಮೈಲಿಗಟ್ಟಲೆ ಹರಡಿಕೊಂಡಿರುತ್ತವೆ. ಮೂವರು ಮೂವರಂತೆ ಆಟಗಾರರು ಬೆಳಗಿನಿಂದಲೇ ಸಾಲಾಗಿ ಹೊರಡುತ್ತಾರೆ. ಎಲ್ಲರ ಸ್ಕೋರೂ ಮಾಧ್ಯಮ ಕೊಠಡಿಯ ಪರದೆಯ ಮೇಲೆ ಬರುತ್ತಲೇ ಇರುತ್ತದೆ. ಚಹಾ ಕುಡಿಯುತ್ತಾ ಕುಳಿತಲ್ಲೇ ವರದಿ ಬರೆದುಬಿಡಬಹುದು, ಬರೆದವರೂ ಇದ್ದರು. ಆ ವರದಿಗೂ ಸುದ್ದಿಸಂಸ್ಥೆಯ ನಾಲ್ಕು ಸಾಲಿಗೂ ವ್ಯತ್ಯಾಸ ಇರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ನಾನು ಮುನ್ನಡೆಯಲ್ಲಿದ್ದವರನ್ನು ಬಿಟ್ಟು, ಪಟ್ಟಿಯ ನಡುವೆ ಎಲ್ಲೋ ಇದ್ದ ಒಬ್ಬ ಯುವಕನ ಗುಂಪಿನ ಹಿಂದೆ ನಡೆದೆ. ಎರಡು ಸುತ್ತು ಮುಗಿದ ಮೇಲೆ ಕಟ್ ಬೀಳುತ್ತದೆ, ಹೆಚ್ಚುಕಡಿಮೆ ಅರ್ಧದಷ್ಟು ಆಟಗಾರರು ಅಂದೇ ಗಂಟುಮೂಟೆ ಕಟ್ಟಬೇಕು. ಅವರಿಗೆ ಬಹುಮಾನದ ಹಣದಲ್ಲಿ ಬಿಡಿಗಾಸೂ ಇಲ್ಲ. ಪ್ರವೇಶ ಶುಲ್ಕ, ಪ್ರಯಾಣ, ವಸತಿ, ಚೀಲ ಹೊತ್ತು ಜೊತೆಗೆ ನಡೆಯುವ ಕ್ಯಾಡಿಯ ಕೂಲಿ ಎಲ್ಲವೂ ಕೈಯಿಂದಲೇ ಹೋಗುತ್ತವೆ. ಆ ಯುವಕ ಕಟ್‌ನ ಗೆರೆಯ ಮೇಲೆಯೇ ನಿಂತಿದ್ದ.

ಅವನ ಚೀಲ ಹೊತ್ತಿದ್ದವರು ವರ್ತೂರು ಕಡೆಯ ಹಿರಿಯರೊಬ್ಬರು. ಪ್ರತಿ ಹೊಡೆತಕ್ಕೂ ಮುಂಚೆ ಬಗ್ಗಿ, ನಾಲ್ಕು ಎಸಳು ಹುಲ್ಲು ಕಿತ್ತು, ಎದೆಮಟ್ಟದಲ್ಲಿ ಹಿಡಿದು ಬಿಡುತ್ತಿದ್ದರು. ಹುಲ್ಲು ಬಿದ್ದ ದಿಕ್ಕನ್ನು ನೋಡಿ ಬಿಡುವವರಲ್ಲ, ದೂರದ ಮರದ ತುದಿಯನ್ನೂ ನೋಡುತ್ತಿದ್ದರು. ಕೆಳಗೆ ಗಾಳಿ ಒಂದು ಕಡೆ ಬೀಸಿದರೆ ಮೇಲೆ ಇನ್ನೊಂದು ಕಡೆ ಬೀಸುವುದುಂಟು, ಚೆಂಡು ಹಾರುವುದು ಮೇಲೆ ತಾನೆ ಎಂದು ಆಮೇಲೆ ನನಗೆ ವಿವರಿಸಿದರು. ಹೊಡೆಯುವವನು ಸುಮ್ಮನೆ ಕೈ ಚಾಚುತ್ತಿದ್ದ. ಯಾವ ಕ್ಲಬ್, ಅಂದರೆ ಹೊಡೆಯುವ ಕೋಲು, ಕೊಡಬೇಕೆಂದು ಅವರು ಅಷ್ಟರಲ್ಲಿ ನಿರ್ಧರಿಸಿರುತ್ತಿದ್ದರು.

ಕೊನೆಯ ಹೋಲ್‌ನ ಗ್ರೀನ್‌ನಲ್ಲಿ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗದಲ್ಲಿ, ಚೆಂಡು ಕುಳಿಯಿಂದ ಒಂದು ಮಾರು ದೂರವೂ ಇರಲಿಲ್ಲ. ಮೊಣಕಾಲೂರಿ ಇಬ್ಬರೂ ನೆಲದ ಇಳಿಜಾರನ್ನು ನೋಡಿದರು. ಕ್ಯಾಡಿ ಬೆರಳಿನಿಂದ ಕುಳಿಯ ಬಲ ಅಂಚನ್ನು ತೋರಿಸಿದರು. ಯುವಕ ನೇರಕ್ಕೇ ಹೊಡೆದ. ಚೆಂಡು ಎಡ ಅಂಚನ್ನು ಸವರಿ ಹೊರಗೆ ನಿಂತಿತು. ಒಂದೇ ಹೊಡೆತದಿಂದ ಕಟ್ ತಪ್ಪಿತು. ಸ್ಕೋರ್‌ಕಾರ್ಡ್‌ಗೆ ಸಹಿ ಹಾಕಿ ಹೊರಬಂದ ಯುವಕ ಮೊದಲು ಮಾಡಿದ್ದು ಆ ಹಿರಿಯರ ಕೂಲಿಯನ್ನು ಎಣಿಸಿ ಕೊಟ್ಟದ್ದು. ಕಟ್ ದಾಟಿದ್ದರೆ ಬಹುಮಾನದಲ್ಲೂ ಅವರಿಗೊಂದು ಪಾಲು ಸಿಗುತ್ತಿತ್ತು. ಇವರಿಬ್ಬರ ಸುದ್ದಿ ಮರುದಿನ ನಮ್ಮ ಪತ್ರಿಕೆಯಲ್ಲಿ ಬಿಟ್ಟರೆ ಬೇರೆಲ್ಲೂ ಬರಲಿಲ್ಲ. ಕ್ಯಾಡಿಯನ್ನು ಕನ್ನಡದಲ್ಲಿ ಮಾತನಾಡಿಸಿದವನು ಅಂದು ಅಲ್ಲಿ ನಾನೊಬ್ಬನೇ.

ಗಾಲ್ಫ್ ಸಿರಿವಂತರ ಆಟ, ಅದಕ್ಕೇಕೆ ಜಾಗ ಎಂದು ಪತ್ರಿಕಾ ಕಚೇರಿಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಕ್ಲಬ್‌ಗಳ ಸದಸ್ಯತ್ವ ನಮ್ಮಂಥವರ ಕೈಗೆ ಎಟಕುವುದಲ್ಲ, ಅದು ನಿಜ. ಆದರೆ ಭಾರತದ ವೃತ್ತಿಪರ ಗಾಲ್ಫ್‌ನ ಚರಿತ್ರೆಯನ್ನು ಚೀಲ ಹೊತ್ತವರನ್ನು ಬಿಟ್ಟು ಬರೆಯಲಾಗದು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದೆಹಲಿಯ ಕೋರ್ಸ್‌ನಲ್ಲಿ ಕ್ಯಾಡಿಯಾಗಿದ್ದವರು. 2009ರಲ್ಲಿ ಅದೇ ಪ್ರಶಸ್ತಿಯನ್ನು ಸಮಬಲದ ನಂತರದ ಪ್ಲೇಆಫ್‌ನಲ್ಲಿ ಗೆದ್ದ ಚಿನ್ನಸ್ವಾಮಿ ಮುನಿಯಪ್ಪ ನಮ್ಮ ಬೆಂಗಳೂರಿನವರು, ಅವರೂ ಕ್ಯಾಡಿಯಾಗಿಯೇ ಆಟ ಕಲಿತವರು. ಕನ್ನಡದ ಎಷ್ಟು ಶಾಲಾ ಮಕ್ಕಳಿಗೆ ಮುನಿಯಪ್ಪ ಅವರ ಹೆಸರು ಗೊತ್ತಿದೆ? ಗೊತ್ತಿಲ್ಲವೆಂದರೆ ತಪ್ಪು ಮಕ್ಕಳದ್ದಲ್ಲ, ಕ್ರೀಡಾಪುಟಗಳದ್ದು.

ಓದುಗರಿಗೆ ಆಸಕ್ತಿ ಇಲ್ಲ ಎನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. 2021ರ ಆಗಸ್ಟ್ 7ರ ಬೆಳಿಗ್ಗೆಯನ್ನು ನೆನಪಿಸಿಕೊಳ್ಳಿ. ಟೋಕಿಯೊ ಒಲಿಂಪಿಕ್ಸ್‌ನ ಮಹಿಳಾ ಗಾಲ್ಫ್‌ನ ಕೊನೆಯ ಸುತ್ತು. ವಿಶ್ವ ಕ್ರಮಾಂಕದಲ್ಲಿ 200ನೆಯ ಸ್ಥಾನದಲ್ಲಿದ್ದ ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕೆ ಸೆಣಸುತ್ತಿದ್ದರು, ಅವರ ಚೀಲ ಹೊತ್ತಿದ್ದವರು ತಾಯಿ. ನಮ್ಮ ಪೇಟೆಯ ಹೋಟೆಲಿನಲ್ಲಿ, ಅಡಿಕೆ ಮಂಡಿಯಲ್ಲಿ, ಗಾಲ್ಫ್ ಕ್ಲಬ್ಬನ್ನು ಕೈಯಲ್ಲಿ ಹಿಡಿದಿರದ ಜನ ಟಿವಿಗೆ ಕಣ್ಣು ನೆಟ್ಟು ನಿಂತಿದ್ದರು. ಮಳೆಗೆ ಆಟ ನಿಂತಾಗಲೂ ಕದಲಲಿಲ್ಲ. ಪಾರ್ ಎಂದರೇನು, ಬರ್ಡಿ ಎಂದರೇನು ಎಂದು ನನ್ನನ್ನು ಹಿಡಿದು ಕೇಳಿದರು. ಅದಿತಿ ನಿಗದಿತ ಹೊಡೆತಗಳಿಗಿಂತ 15 ಕಡಿಮೆ, ಅಂದರೆ 15 ಅಂಡರ್‌ ಪಾರ್‌ನೊಂದಿಗೆ ನಾಲ್ಕನೆಯವರಾದರು, ಒಂದೇ ಹೊಡೆತದಿಂದ ಕಂಚು ಕೈತಪ್ಪಿತು. ಸಂಜೆ ನೀರಜ್ ಚೋಪ್ರಾ ಜಾವೆಲಿನ್‌ನಲ್ಲಿ ಚಿನ್ನ ಗೆದ್ದರು, ಮರುದಿನದ ಪುಟಗಳೆಲ್ಲ ಅವರ ಪಾಲಾದವು. ಅದು ಸಹಜ. ಆದರೆ ಆ ಬೆಳಿಗ್ಗೆ ಹುಟ್ಟಿದ ಕುತೂಹಲಕ್ಕೆ ಆಮೇಲಾದರೂ ನೀರೆರೆಯಬಹುದಿತ್ತು.

ಗಡಿನಾಡಿನ ನಮಗೆ ಈ ವಿಷಯ ಇನ್ನಷ್ಟು ಮುಖ್ಯ. 1956ರಿಂದ ನಾವು ಕೇರಳದಲ್ಲಿದ್ದೇವೆ. ಮನೆಯಲ್ಲಿ ಕನ್ನಡ ಪತ್ರಿಕೆ ತರಿಸುವುದನ್ನು ನಿಷ್ಠೆಯಿಂದ ಉಳಿಸಿಕೊಂಡಿದ್ದೇವೆ. ಆದರೆ ಮಕ್ಕಳು ಪತ್ರಿಕೆಯನ್ನು ಹಿಂದಿನಿಂದ, ಕ್ರೀಡಾಪುಟದಿಂದ ತೆರೆಯುತ್ತಾರೆ. ಅಲ್ಲಿ ಓದುವಂಥದ್ದು ಸಿಗದಿದ್ದರೆ ಪಕ್ಕದ ಮನೆಯ ಮಲಯಾಳ ಪತ್ರಿಕೆಗೆ ಕೈ ಹಾಕುತ್ತಾರೆ. ಅದರ ಕ್ರೀಡಾಪುಟ ಭರ್ತಿಯಾಗಿರುತ್ತದೆ. ನನ್ನ ಮೊಮ್ಮಗನೂ ಅದನ್ನೇ ಓದುತ್ತಾನೆ, ಅವನನ್ನು ತಡೆಯಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಕೋರಿಕೆ ದೊಡ್ಡದೇನಲ್ಲ. ಮುಂದಿನ ಟೂರ್ನಿ ಬೆಂಗಳೂರಿಗೆ ಅಥವಾ ಮೈಸೂರಿಗೆ ಬಂದಾಗ ಶುಕ್ರವಾರ ಮತ್ತು ಭಾನುವಾರವಾದರೂ ಒಬ್ಬ ವರದಿಗಾರರನ್ನು ಕಳುಹಿಸಿ. ಭಾನುವಾರ ಗೆದ್ದವರಿಗಾಗಿ, ಶುಕ್ರವಾರ ಕಟ್‌ಗಾಗಿ. ಗೆದ್ದವರ ಚಿತ್ರದಲ್ಲಿ ಪಕ್ಕದಲ್ಲಿ ನಿಂತ ಕ್ಯಾಡಿಯ ಹೆಸರನ್ನೂ ಕೇಳಿ ಹಾಕಿ. ಗಡಿ ಜಿಲ್ಲೆಗಳ ಆವೃತ್ತಿ ಬೇಗ ಅಚ್ಚಿಗೆ ಹೋಗುವುದರಿಂದ ವರದಿ ಅಂದೇ ಹಿಡಿಸದಿದ್ದರೆ ಮರುದಿನ ಹಾಕಿ, ನಾವು ಕಾಯುತ್ತೇವೆ. ಹೋಗುವವರು ಗಾಲ್ಫ್‌ಗೆ ಹೊಸಬರಾದರೆ ಹೊರಡುವ ಮುಂಚೆ ನನಗೊಂದು ಫೋನ್ ಮಾಡಲಿ. ಯಾವ ಹೋಲ್‌ನ ಬಳಿ ನಿಲ್ಲಬೇಕು, ಸಹಿ ಹಾಕುವ ಡೇರೆಯ ಹೊರಗೆ ಎಷ್ಟು ಹೊತ್ತಿಗೆ ಕಾಯಬೇಕು, ಯಾರನ್ನು ಮಾತನಾಡಿಸಬೇಕು ಎಂಬುದನ್ನು ತಿಳಿದಷ್ಟು ಹೇಳುತ್ತೇನೆ.

ಇಂತಿ,
ನಿವೃತ್ತ ಕ್ರೀಡಾ ವರದಿಗಾರ,
ಬದಿಯಡ್ಕ, ಕಾಸರಗೋಡು ಜಿಲ್ಲೆ