ಬಾಗಿಲು ತಟ್ಟಿದ ಅಕ್ಕೋರಿಗೆ

ಎಲ್ಲರಿಗೂ ವಂದನೆ. ಮೊನ್ನೆ ಭಾನುವಾರ ನಮ್ಮ ಮನೆಯವರು ಚರ್ಚಿನ ಮೆಟ್ಟಿಲು ತಾವೇ ಹತ್ತಿ ಬಂದು ಸ್ತೋತ್ರ ಕಾಣಿಕೆ ಕೊಟ್ಟಿದ್ದನ್ನು ನೀವೆಲ್ಲ ನೋಡಿದಿರಿ. ಅವರು ಹುಬ್ಬಳ್ಳಿ ಆಸ್ಪತ್ರೆಯಲ್ಲಿ ಸಾವು ಬದುಕಿನ ನಡುವೆ ಇದ್ದ ಕಥೆ ನಿಮಗೆ ಗೊತ್ತೇ ಇದೆ, ಮತ್ತೆ ಹೇಳುವುದಿಲ್ಲ. ರಕ್ತ ಕೊಟ್ಟ ಹುಡುಗರು, ಬೆಟಗೇರಿಯಿಂದ ಹುಬ್ಬಳ್ಳಿಗೆ ಬುತ್ತಿ ಕಳಿಸಿದ ಓಣಿಯವರು, ಪ್ರತಿ ಆರಾಧನೆಯಲ್ಲೂ ಅವರ ಹೆಸರು ಹೇಳಿ ಬೇಡಿದ ಅಯ್ಯನವರು, ನಿಮ್ಮೆಲ್ಲರ ಋಣ ದೊಡ್ಡದು.

ಆದರೆ ನಮ್ಮ ಪ್ರಾರ್ಥನಾ ಕೂಟದ ಅಕ್ಕೋರ ಬಗ್ಗೆ ನಾಲ್ಕು ಮಾತು ಜಾಸ್ತಿ ಹೇಳಲೇಬೇಕು.

ಎರಡನೇ ಆಪರೇಷನ್ ಆದ ರಾತ್ರಿ ಡಾಕ್ಟರು, ಬೆಳಗಿನ ತನಕ ಏನೂ ಹೇಳೋಕಾಗಲ್ಲ ಎಂದರು. ಅಷ್ಟರಲ್ಲಿ ನನ್ನೊಳಗೆ ಪ್ರಾರ್ಥನೆ ಬತ್ತಿಹೋಗಿತ್ತು. ತಿಂಗಳುಗಟ್ಟಲೆ ಅದನ್ನೇ ಬೇಡಿ ಬೇಡಿ ಸಾಕಾಗಿತ್ತು. "ಇನ್ನು ನಾನು ಕೇಳೋದಿಲ್ಲ ಅಕ್ಕೋರೆ" ಅಂದೆ. ಅವರು ಬೈಯಲಿಲ್ಲ. ನಂಬಿಕೆ ಇಡು ಅಂತ ಬುದ್ಧಿಯನ್ನೂ ಹೇಳಲಿಲ್ಲ. "ನೀ ಕೇಳಬ್ಯಾಡ ತಂಗಿ. ಇವತ್ತ ನಾ ಕೇಳ್ತೀನಿ" ಎಂದು ಐಸಿಯು ಎದುರಿನ ಬೆಂಚಿನ ಮೇಲೆ ಕೂತರು.

ಮೊದಲು 13ನೇ ಕೀರ್ತನೆ ಓದಿದರು. ‘ಎಷ್ಟರವರೆಗೆ’ ಎಂದು ದಾವೀದ ನಾಲ್ಕು ಸಲ ಕೇಳುವ ಕೀರ್ತನೆ. ಆಮೇಲೆ 88ನೆಯದು. ಅದರಲ್ಲಿ ಕೊನೆಗೂ ಸಮಾಧಾನದ ಮಾತಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಇಂಥದ್ದೂ ಸತ್ಯವೇದದಲ್ಲಿದೆ, ಅಲ್ವಾ? ಆ ಹೊತ್ತಿಗೆ ನನಗೆ ಅದೇ ಬೇಕಿತ್ತು. ಮುಂದೆ ಅವರು ಸಣ್ಣ ದನಿಯಲ್ಲಿ ರಾತ್ರಿಯಿಡೀ ಬೇಡಿದರು. ಅವರಿಗೆ ಮೊಣಕಾಲು ನೋವು. ಬೆಳಿಗ್ಗೆ ಗೋಡೆ ಹಿಡಿದು ಎದ್ದರು.

ಪಟ್ಟುಬಿಡದ ಪ್ರಾರ್ಥನೆ ಅಂದರೆ ನಮಗೆಲ್ಲ ನೆನಪಾಗುವುದು ಲೂಕನ ಸುವಾರ್ತೆ 18ನೇ ಅಧ್ಯಾಯದ ವಿಧವೆ. ದೇವರಿಗೂ ಹೆದರದ ನ್ಯಾಯಾಧಿಪತಿಯ ಹತ್ತಿರ ಅವಳು ತನ್ನ ನ್ಯಾಯಕ್ಕಾಗಿ ಮತ್ತೆ ಮತ್ತೆ ಹೋದಳು. ನನಗೆ ಈಗ ಲೂಕ 11ರಲ್ಲಿ ಯೇಸುಸ್ವಾಮಿ ಹೇಳಿದ ಸಾಮ್ಯದ ಕಥೆಯೇ ಹೆಚ್ಚು ಹತ್ತಿರ. ನಡುರಾತ್ರಿ ನೆರೆಯವನ ಬಾಗಿಲಿಗೆ ಹೋದವನು ಮೂರು ರೊಟ್ಟಿ ಕೇಳಿದ್ದು ತನಗಲ್ಲ, ಮನೆಗೆ ಬಂದ ಸ್ನೇಹಿತನಿಗೆ. ಪ್ರಯಾಣ ಮಾಡಿ ಬಂದ ಆ ಸ್ನೇಹಿತ ಬಾಗಿಲಿಗೆ ಹೋಗಲಿಲ್ಲ, ಏನೂ ಕೇಳಲಿಲ್ಲ. ಅವನ ಪರವಾಗಿ ಇನ್ನೊಬ್ಬ ಕೇಳಿದ.

ಇನ್ನೊಂದು ಮಾತು. ಪಕ್ಕದ ಬೆಡ್ಡಿನ ಹುಡುಗ ಉಳಿಯಲಿಲ್ಲ. ಅವನ ತಾಯಿಯೂ ಹಗಲು ರಾತ್ರಿ ಬೇಡಿದ್ದಳು. ಅವಳ ಪ್ರಾರ್ಥನೆಯಲ್ಲಿ ಏನು ಕಮ್ಮಿ ಇತ್ತು? ಏನೂ ಇಲ್ಲ. ಅದಕ್ಕೇ, ಬಿಡದೆ ಬೇಡಿದ್ದಕ್ಕೆ ಸಿಕ್ಕಿತು ಅಂತ ಸಾಕ್ಷಿ ಹೇಳೋಕೆ ನನಗೆ ಬಾಯಿ ಬರುವುದಿಲ್ಲ. ಅಪೊಸ್ತಲ ಪೌಲನು ತನ್ನ ಶರೀರದ ಮುಳ್ಳು, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆ, ಹೋಗಲೆಂದು ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಶಿಲುಬೆಗೆ ಹೋಗುವ ಮುಂಚೆ ಗೆತ್ಸೇಮನೆಯಲ್ಲಿ ಯೇಸುಸ್ವಾಮಿಯೂ ಈ ಕಷ್ಟದ ಪಾತ್ರೆ ತೊಲಗಲಿ ಎಂದು ಮೂರು ಸಲ ಬೇಡಿದರು. ಪಾತ್ರೆ ತೊಲಗಲಿಲ್ಲ.

ಅಕ್ಕೋರು ಇದನ್ನು ಬಲ್ಲವರು. ತಮ್ಮ ಯಜಮಾನರಿಗಾಗಿ ವರ್ಷಗಟ್ಟಲೆ ಬೇಡಿ, ಅವರನ್ನು ಕಳೆದುಕೊಂಡವರು. ಆದರೂ ನಮ್ಮ ಮನೆಯವರಿಗಾಗಿ ಬಂದು ಕೂತರು. ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಈಗ ನಾನು ಮತ್ತೆ ಬೇಡುತ್ತಿದ್ದೇನೆ. ಮೊದಲು ಆ ಹುಡುಗನ ತಾಯಿಗಾಗಿ. ಬುಧವಾರದ ಪ್ರಾರ್ಥನಾ ಕೂಟ ಈ ವಾರ ನಮ್ಮ ಮನೆಯಲ್ಲಿ, ಸಂಜೆ 7ಕ್ಕೆ. ಅಕ್ಕೋರೇ ನಡೆಸುತ್ತಾರೆ. ಬೇಡಿ ಬೇಡಿ ಸಾಕಾದವರು ನಿಮ್ಮ ಕಡೆ ಯಾರಾದರೂ ಇದ್ದರೆ ಹೆಸರು ಮೊದಲೇ ತಿಳಿಸಿ. ಅವರು ಬರಲಾಗದಿದ್ದರೂ ಪರವಾಗಿಲ್ಲ.