ಪುಟ್ಟಿಗೆ, ಕಾಫಿ ವಿಚಾರವಾಗಿ

ಪ್ರೀತಿಯ ಪುಟ್ಟಿ,

ನಿನ್ನಮ್ಮ ಫೋನಿನಲ್ಲಿ ಎಲ್ಲಾ ಹೇಳಿದಳು. ಕುತ್ತಿಗೆ ನೋವು ತಿಂಗಳುಗಟ್ಟಲೆ ಬಿಟ್ಟಿಲ್ಲ, ಮೇಲೆ ತಲೆನೋವು, ರಾತ್ರಿ ನಿದ್ದೆ ಇಲ್ಲ, ಸುಮ್ಸುಮ್ನೆ ಎದೆ ಡವಡವ ಅನ್ನುತ್ತದೆ, ಇದರ ಮಧ್ಯೆ ಬೆಳ್ಳಂದೂರಿನ ಆಫೀಸಿನಲ್ಲಿ ಗಂಟೆಗೊಂದು ಕಾಫಿ. ಕಾಫಿ ಬಿಡು ಅಂತ ನಾನು ಹೇಳುವುದಿಲ್ಲ. ಡಿಕಾಕ್ಷನ್ ಇಳಿಯದೆ ನಮ್ಮ ಬಸವನಗುಡಿ ಮನೆಯಲ್ಲಿ ಬೆಳಗಾಗುವುದೇ ಇಲ್ಲ, ನಿನಗೇ ಗೊತ್ತು. ಆದರೆ ನೋವಿಗೂ ಬೇಜಾರಿಗೂ ಕಾಫಿಯನ್ನೇ ಔಷಧಿ ಮಾಡಿಕೊಳ್ಳಬೇಡ.

ನಾವು ಎದ್ದಿರುವಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಅನ್ನುವ ವಸ್ತು ಸೇರುತ್ತಾ ಹೋಗುತ್ತದೆ, ಅದರಿಂದಲೇ ನಿದ್ದೆ ಬರುವುದು. ಕಾಫಿಯಲ್ಲಿರುವ ಕೆಫೀನ್ ಅದರ ಜಾಗದಲ್ಲಿ ಹೋಗಿ ಕೂತುಬಿಡುತ್ತದೆ. ಸುಸ್ತು ಎಲ್ಲೂ ಹೋಗಿಲ್ಲ, ನಿನಗೆ ಗೊತ್ತಾಗುತ್ತಿಲ್ಲ ಅಷ್ಟೇ. ಕುಡಿದದ್ದರಲ್ಲಿ ಅರ್ಧ ಕರಗುವುದಕ್ಕೇ ಸುಮಾರು 5 ಗಂಟೆ ಬೇಕು, ಅಂದರೆ ಸಂಜೆ 6ಕ್ಕೆ ಕುಡಿದದ್ದು ರಾತ್ರಿ 11ಕ್ಕೂ ಅರ್ಧ ಒಳಗೇ ಇರುತ್ತದೆ. ನಿದ್ದೆ ಕೆಟ್ಟರೆ ಮಾರನೇ ದಿನ ಅದೇ ನೋವು ಜಾಸ್ತಿ ಅನಿಸುತ್ತದೆ, ಆಗ ಮತ್ತೊಂದು ಲೋಟ. ಕೈ ನಡುಕ, ಎದೆಬಡಿತ ಆತಂಕದಿಂದಲೋ ಕಾಫಿಯಿಂದಲೋ ಅಂತ ಹೇಳುವುದೂ ಕಷ್ಟ.

ಕಾಫಿ ಕುಡಿಯುವವರಲ್ಲಿ ಖಿನ್ನತೆ ಕಡಿಮೆ ಅಂತ ನೀನು ಕಳಿಸಿದ್ದು ಓದಿದೆ. ಅಂಥ ಅಧ್ಯಯನಗಳು ಇವೆ, ನಿಜ. ಆದರೆ ಕಾಫಿಯಿಂದಲೇ ಹಾಗಾಯಿತು ಅಂತ ಅವು ಸಾಬೀತು ಮಾಡುವುದಿಲ್ಲ. ಮನಸ್ಸು ಕುಗ್ಗಿದವರಿಗೆ ಕಾಫಿಯೂ ಬೇಡವಾಗಿರಬಹುದು, ಅಲ್ವಾ?

ಇನ್ನು ತಲೆನೋವಿಗೆ ನೀನು ನುಂಗುವ ಆ ಸ್ಯಾರಿಡಾನ್ ಮಾತ್ರೆ. ಅದರಲ್ಲೇ ಕೆಫೀನ್ ಇದೆ ಕಣೇ, ಪ್ಯಾರಾಸಿಟಮಾಲ್ ಜೊತೆ ಸೇರಿಸಿರುತ್ತಾರೆ. ಕೆಫೀನ್ ಇದ್ದರೆ ನೋವಿನ ಮಾತ್ರೆ ಸ್ವಲ್ಪ ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೆ. ಆದರೆ ಇಂಥ ಮಿಶ್ರ ಮಾತ್ರೆಗಳನ್ನು ತಿಂಗಳಿಗೆ 10 ದಿನಕ್ಕಿಂತ ಜಾಸ್ತಿ, ತಿಂಗಳುಗಟ್ಟಲೆ ನುಂಗುತ್ತಿದ್ದರೆ ಆ ಮಾತ್ರೆಯಿಂದಲೇ ತಲೆನೋವು ಶುರುವಾಗಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿದ ತಕ್ಷಣ ಕೊಡುತ್ತಾರೆ ಅಂತ ಅದು ಪೆಪ್ಪರಮಿಂಟ್ ಅಲ್ಲ.

ಹಾಗಂತ ನಾಳೆಯಿಂದ ಒಂದೇ ಸಲ ನಿಲ್ಲಿಸಬೇಡ. ನಿಲ್ಲಿಸಿದ 12ರಿಂದ 24 ಗಂಟೆಯೊಳಗೆ ತಲೆನೋವು ಹತ್ತಿಕೊಳ್ಳುತ್ತದೆ, ಸಿಡಿಮಿಡಿ, ಮಂಕು, ಕೆಲವರಿಗೆ ವಾರದವರೆಗೂ. ದಿನಕ್ಕೆ ಅರ್ಧ ಲೋಟ ಕಡಿಮೆ ಮಾಡುತ್ತಾ ಬಾ. ಆಫೀಸಿನಲ್ಲಿ ಯಾರಾದರೂ ಸಿಕ್ಕರೆ ಬೈ ಟು ಮಾಡು. ಮನೆಗೆ ಪುಡಿ ತರುವಾಗ ಚಿಕೋರಿ ಜಾಸ್ತಿ ಹಾಕಿಸು, ಚಿಕೋರಿಯಲ್ಲಿ ಕೆಫೀನ್ ಇಲ್ಲ, ಕಾಫಿ-ಚಿಕೋರಿ 80:20 ಬದಲು 60:40 ಕೇಳಿದರೆ ಅದೇ ಅಳತೆಯ ಪುಡಿಯಲ್ಲೇ ಕೆಫೀನ್ ಕಡಿಮೆಯಾಗುತ್ತದೆ. (ನಿಮ್ಮ ದೊಡ್ಡಪ್ಪ ಮುಖ ಸಿಂಡರಿಸುತ್ತಾರೆ, ಪರವಾಗಿಲ್ಲ.) ಆರೋಗ್ಯವಾಗಿರುವ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂ ಕೆಫೀನ್‌ವರೆಗೆ ತೊಂದರೆ ಇಲ್ಲ ಅನ್ನುತ್ತಾರೆ, ಆದರೆ ನಿನಗೆ ನಿದ್ದೆಯೇ ಇಲ್ಲವಲ್ಲ. ಮಧ್ಯಾಹ್ನ ಊಟವಾದ ಮೇಲೆ ಬೇಡವೇ ಬೇಡ.

ಕಾಫಿ ಕಡಿಮೆ ಮಾಡಿದರೆ ಕುತ್ತಿಗೆ ನೋವು ಹೋಗುತ್ತದೆ ಅಂತ ನಾನು ಮಾತು ಕೊಡಲಾರೆ. ಅದನ್ನು ಡಾಕ್ಟರ್ ನೋಡಬೇಕು. ಎಷ್ಟು ಕಾಫಿ, ಎಷ್ಟು ಮಾತ್ರೆ ಅಂತ ಮುಚ್ಚಿಡದೆ ಅವರಿಗೆ ಹೇಳು. ರಾತ್ರಿ ತುಂಬಾ ಕಷ್ಟ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ಗೆ ಹೋಗಬೇಕಾದರೂ ನಾಚಿಕೆ ಪಡಬೇಡ, ನಾನೇ ಜೊತೆಗೆ ಬರುತ್ತೇನೆ. ಯಾವ ದಿನ ರಜೆ ಸಿಗುತ್ತದೆ, ಈ ವಾರವೇ ಹೇಳು.

ನಿನ್ನ ದೊಡ್ಡಮ್ಮ